ತಿದ್ದದ ಫೋಟೋ

ಮದುವೆ ಗಂಡಿನ ಮೂಗಿನ ತುದಿಯಲ್ಲಿದ್ದ ಮೊಡವೆಯನ್ನು ಅಕ್ಕ ಕಂಪ್ಯೂಟರಿನಲ್ಲಿ ಅರ್ಧ ತೆಗೆದಿದ್ದಳು, ಇನ್ನರ್ಧ ಉಳಿದಿತ್ತು. ಸೋಮವಾರ ಬೆಳಿಗ್ಗೆ ಒಂಬತ್ತೂವರೆಯ ಹೊತ್ತು. ಹೊರಗೆ ತಮ್ಮ ಸ್ಟುಡಿಯೋದ ಶಟರ್ ಎತ್ತಿ, ಪ್ರದರ್ಶನದ ಗಾಜನ್ನು ಹಳೆಯ ಪೇಪರಿನಿಂದ ಒರೆಸುತ್ತಿದ್ದ. "ಸರಿಯಾದ ದಿನ ನೋಡ್ಕೊಂಡು ಬಂದು ಕೂತಿದೀಯಲ್ಲಪ್ಪ," ಎಂದು ಅಕ್ಕ ಮೊಡವೆಯನ್ನೇ ಮಾತಾಡಿಸಿ ನಕ್ಕಳು.

ಸ್ಟುಡಿಯೋಗೆ ಬರುವವರಿಗೆಲ್ಲ ಅವಳು ಅಕ್ಕನೇ. ಫೋಟೋ ತೆಗೆಯುವವನು ತಮ್ಮ, ತಿದ್ದುವವಳು ಅವಳು. ಅಪ್ಪನ ಕಾಲದಲ್ಲಿ ಕೂದಲೆಳೆಯಂಥ ಕುಂಚ ಹಿಡಿದು ನೆಗೆಟಿವ್ ಮೇಲೆ ಕೂತವಳು, ಈಗ ಮೌಸ್ ಹಿಡಿದು ಕೂರುತ್ತಾಳೆ. ಮೂವತ್ತು ವರ್ಷದಲ್ಲಿ ಎಷ್ಟು ಮಚ್ಚೆ, ಎಷ್ಟು ಸುಕ್ಕು, ಎಷ್ಟು ಗಾಯದ ಗುರುತು ಅಳಿಸಿದ್ದಾಳೋ ಲೆಕ್ಕವಿಲ್ಲ. ಕುಂಚ ಹೋದರೂ ಒಂದು ಅಭ್ಯಾಸ ಹೋಗಲಿಲ್ಲ. ಕೆಲಸಕ್ಕೆ ಮುಂಚೆ ಫೋಟೋದ ಒಂದು ಸಣ್ಣ ಪ್ರತಿ ತೆಗೆದು, ತಿದ್ದಬೇಕಾದ ಕಡೆಯೆಲ್ಲ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಏನು ಮಾಡಬೇಕೆಂದು ಬರೆಯುತ್ತಾಳೆ. ಕೆಲಸ ಮುಗಿದ ಮೇಲೆ ಆ ಪ್ರತಿ ಅಂಗಡಿಯ ಕಪಾಟಿನಲ್ಲಿ ಆ ಗಿರಾಕಿಯ ಹೆಸರಿನ ಲಕೋಟೆ ಸೇರುತ್ತದೆ. "ಮೇಷ್ಟ್ರ ಹಾಗೆ ತಪ್ಪು ಹುಡುಕ್ತೀಯಲ್ಲ, ಕೊನೆಗೆ ಮಾರ್ಕ್ಸೂ ಕೊಟ್ಟುಬಿಡು," ಎಂದು ತಮ್ಮ ರೇಗಿಸುತ್ತಿದ್ದ. ತಿದ್ದದ ಫೋಟೋ ಅಂಗಡಿಯ ಹೊಸ್ತಿಲು ದಾಟಬಾರದು ಎನ್ನುವುದು ಅಪ್ಪ ಮಾಡಿಟ್ಟ ಕಟ್ಟಳೆ. ಅರೆಬೆಂದ ಅಡುಗೆ ಬಡಿಸುವುದಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ ಎನ್ನುತ್ತಿದ್ದರು ಅವರು.

ತಮ್ಮ ಒರೆಸುತ್ತಿದ್ದ ಗಾಜಿನ ಹಿಂದೆ ನಡುಮಧ್ಯೆ ಇದ್ದದ್ದು ಡಾಕ್ಟರಮ್ಮ ಮತ್ತು ಪ್ರೊಫೆಸರರ ಫೋಟೋ. ಅವಳು ಪುಟ್ಟ ಮಕ್ಕಳ ಹೃದಯ ಕೊಯ್ದು ಹೊಲಿಯುವ ವೈದ್ಯೆ. ಎಂಥೆಂಥ ದೂರದ ಊರುಗಳಿಂದ ಕೂಸುಗಳನ್ನು ಎತ್ತಿಕೊಂಡು ಅವಳ ಹತ್ತಿರ ಬರುತ್ತಿದ್ದರು. ಅವನು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರೊಫೆಸರ್. ಟೀವಿಯಲ್ಲಿ ಕೂತು ಮಾತಾಡಿದರೆ ಎದುರಾಳಿಗಳೂ ತಲೆದೂಗಬೇಕು. ಆರು ವರ್ಷದಿಂದ ಪ್ರತಿ ವರ್ಷ, ಮದುವೆಯಾದ ದಿನದಂದು ಇಬ್ಬರೂ ಬಂದು ಒಂದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವನ ಬಲಗೈ ಅವಳ ಭುಜದ ಮೇಲೆ, ಅವಳ ಮುಖದಲ್ಲಿ ತಿಳಿನಗೆ. ಹೊಸ ಜೋಡಿಗಳು ಗಾಜಿಗೆ ಬೆರಳಿಟ್ಟು, "ನಮಗೂ ಹೀಗೇ ಬರಬೇಕು," ಎನ್ನುತ್ತಿದ್ದರು.

ಅಕ್ಕನಿಗೆ ಆ ಫೋಟೋ ಎಂದರೆ ಪ್ರಾಣ. ಅವಳ ಸ್ವಂತ ಗಂಡ ಮದುವೆಯಾದ ನಾಲ್ಕನೆಯ ವರ್ಷ ಹೇಳದೆ ಕೇಳದೆ ಇನ್ನೊಬ್ಬಳ ಹಿಂದೆ ಹೋದವನು. ಗಂಡಸರ ಮೇಲೆ ಅವಳಿಗೆ ಉಳಿದಿದ್ದ ಚೂರುಪಾರು ನಂಬಿಕೆಯೆಲ್ಲ ಈ ಪ್ರೊಫೆಸರರ ಮೇಲೆ ನಿಂತಿತ್ತು. ಬಂದಾಗಲೆಲ್ಲ ಒಳಗಿನ ಕೋಣೆಗೇ ಬಂದು ಅವಳನ್ನು ಮಾತಾಡಿಸುತ್ತಿದ್ದ. "ಅಕ್ಕಾ, ಇವಳು ಆಸ್ಪತ್ರೆ ಓಡಾಟದಲ್ಲಿ ಎಲ್ಲಾದ್ರೂ ಬಡಿಸ್ಕೊಂಡು ಬರ್ತಾಳೆ. ಸ್ವಲ್ಪ ನೋಡ್ಕೊಳ್ಳಿ, ನಿಮ್ಮ ಕೈಯಲ್ಲಿ ಏನೋ ಇದೆ," ಎಂದು ತಾನೇ ಬೆರಳಿಟ್ಟು ತೋರಿಸುತ್ತಿದ್ದ. ಹೆಂಡತಿಯ ಚರ್ಮದ ಮೇಲಿನ ಒಂದೊಂದು ಗುರುತನ್ನೂ ಬಲ್ಲ ಗಂಡ! ಎಷ್ಟು ಜನಕ್ಕುಂಟು ಈ ಭಾಗ್ಯ, ಎಂದುಕೊಂಡಿದ್ದಳು ಅಕ್ಕ.

ಹಿಂದಿನ ಗುರುವಾರ ಡಾಕ್ಟರಮ್ಮ ಒಬ್ಬಳೇ ಬಂದಿದ್ದಳು. ಕುತ್ತಿಗೆಗೆ ದುಪಟ್ಟಾ ಸುತ್ತಿಕೊಂಡಿದ್ದಳು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ಅಕ್ಕಾ, ನಮ್ಮ ಫೋಟೋಗಳು, ನೀವು ತಿದ್ದೋಕೆ ಮುಂಚೆ ಹೇಗಿದ್ವೋ ಹಾಗೆ, ಇಟ್ಟಿರ್ತೀರಾ?"

"ಇಟ್ಟಿರ್ತೀನಿ ಡಾಕ್ಟ್ರೇ. ಯಾಕೆ?"

"ಆರೂ ವರ್ಷದ್ದೂ ಬೇಕಿತ್ತು ನನಗೆ. ಈಗಲೇ ಸಿಕ್ಕರೆ ಒಳ್ಳೇದು."

ಅಕ್ಕನಿಗೆ ಚುರುಕ್ ಎಂದಿತು. "ತಿದ್ದದ ಫೋಟೋ ಯಾಕೆ ಹೇಳಿ? ನಾನು ಮಾಡಿದ್ದು ಸರಿಹೋಗಲಿಲ್ವಾ?"

"ತುಂಬ ಚೆನ್ನಾಗಿ ಮಾಡಿದೀರಿ. ಅದಕ್ಕೇ ಬೇಕು." ಡಾಕ್ಟರಮ್ಮ ನಗಲು ನೋಡಿದಳು. "ನನ್ನ ಮುಖ ನಿಜವಾಗಿ ಹೇಗಿತ್ತು ಅಂತ ನಾನೊಂದ್ಸಲ ನೋಡ್ಬೇಕು, ಅಷ್ಟೆ."

ಲಕೋಟೆಗಳು ಮೂರು ಹೆಜ್ಜೆ ದೂರದ ಕಪಾಟಿನಲ್ಲಿದ್ದವು. ಕೈ ಚಾಚಿದ್ದರೆ ಎರಡು ನಿಮಿಷದ ಕೆಲಸ. ಆದರೆ ಅಕ್ಕನಿಗೆ ಬಿಗುಮಾನ. ತಿದ್ದದ ಫೋಟೋ ಹೊರಗೆ ಕೊಡುವ ಪದ್ಧತಿಯಿಲ್ಲ ಎಂದಳು, ಆರ್ಡರ್ ಎಲ್ಲ ಸರ್ ಹೆಸರಿನಲ್ಲಿದೆ, ಅವರೊಂದು ಮಾತು ಹೇಳಲಿ ಎಂದಳು.

"ಅವರಿಗೆ ಹೇಳೋದು ಬೇಡ." ಡಾಕ್ಟರಮ್ಮನ ದನಿ ಒಮ್ಮೆಲೇ ತಗ್ಗಿತು. "ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಾನೇ ಬರ್ತೀನಿ. ತೆಗೆದಿಟ್ಟಿರಿ ಅಕ್ಕಾ, ದಯವಿಟ್ಟು. ನಮ್ಮಿಬ್ಬರಲ್ಲೇ ಇರಲಿ."

"ಆಯ್ತು," ಎಂದಿದ್ದಳು ಅಕ್ಕ.

ಶನಿವಾರ ಸಂಜೆ ನಾಲ್ಕರ ಸುಮಾರಿಗೆ ಪ್ರೊಫೆಸರ್ ಫೋನ್ ಮಾಡಿದ. ಈ ವರ್ಷದ ಫೋಟೋಗೆ ಕಟ್ಟು ಹಾಕುವ ವಿಷಯ. ಮಾತಿನ ನಡುವೆ, "ಈ ಸಲವಂತೂ ಅದ್ಭುತ ಅಕ್ಕಾ," ಎಂದ. ಎರಡು ದಿನದಿಂದ ಒಳಗೇ ಕುದಿಯುತ್ತಿದ್ದ ಅಕ್ಕನಿಗೆ ಬಾಯಿ ತಡೆಯಲಿಲ್ಲ. "ನಿಮಗೆ ಅದ್ಭುತ ಸರ್. ಮೇಡಂಗೆ ನನ್ನ ಕೆಲಸ ಹಿಡಿಸಿಲ್ಲ ಅನ್ಸುತ್ತೆ. ಆರು ವರ್ಷದ್ದೂ ತಿದ್ದದ ಫೋಟೋಗಳೇ ಬೇಕಂತೆ, ಸೋಮವಾರ ಬರ್ತಾರಂತೆ," ಎಂದುಬಿಟ್ಟಳು. "ಸೋಮವಾರಾನಾ?" ಎಂದು ಕೇಳಿದ. ಆಮೇಲೆ ಅವನು ನಕ್ಕ. "ಬೇಜಾರು ಮಾಡ್ಕೋಬೇಡಿ ಅಕ್ಕಾ. ನಾನು ಅವಳ ಹತ್ರ ಮಾತಾಡ್ತೀನಿ."

ಅದಕ್ಕೇ ಈ ಸೋಮವಾರ ಅಕ್ಕ ಏನನ್ನೂ ತೆಗೆದಿಟ್ಟಿರಲಿಲ್ಲ. ಗಂಡ ಹೆಂಡತಿ ಮಾತಾಡಿಕೊಂಡಿರುತ್ತಾರೆ, ಇನ್ನೇನು ಬರುತ್ತಾಳೆ ಎಂದು ಮೊಡವೆಯ ಕೆಲಸ ಮುಂದುವರಿಸಿದಳು. ಹತ್ತಾಯಿತು. ಹತ್ತೂಕಾಲಿಗೆ ತಮ್ಮ ಗಾಜು ಒರೆಸುವ ಪೇಪರನ್ನು ಕೈಯಲ್ಲೇ ಮುದುಡಿಕೊಂಡು ಒಳಗೆ ಬಂದ.

"ಅಕ್ಕಾ, ಡಾಕ್ಟರಮ್ಮ ಹೋಗ್ಬಿಟ್ರಂತೆ. ನಿನ್ನೆ ಬೆಳಿಗ್ಗೆ ಮನೆ ಮೆಟ್ಟಿಲ ಮೇಲಿಂದ ಜಾರಿ ಬಿದ್ರಂತೆ. ತಲೆಗೆ ಪೆಟ್ಟು."

"ಅಯ್ಯೋ, ಸರ್ ಗತಿ ಏನೋ!" ಅಕ್ಕನ ಬಾಯಿಂದ ಮೊದಲು ಬಂದದ್ದು ಈ ಮಾತು. ಸತ್ತವಳಿಗೆ ಅಯ್ಯೋ ಎನ್ನಲಿಲ್ಲ, ಬದುಕಿದ್ದವನಿಗೆ ಅಂದಳು. ಮುಂದೆ ಎಷ್ಟೋ ದಿನ ಆ ಮಾತು ಅವಳನ್ನು ಚುಚ್ಚಿತು.

ಮರುದಿನ ಪ್ರೊಫೆಸರನೇ ಅಂಗಡಿಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೆಂಪಗಾದ ಕಣ್ಣು. ಕೂತಿದ್ದ ಗಿರಾಕಿಗಳು ತಾವಾಗಿ ಎದ್ದು ನಿಂತರು. ಆಸ್ಪತ್ರೆಯ ಸಭಾಂಗಣದಲ್ಲಿ ಸಂತಾಪಸಭೆ ಇದೆ, ಈ ವರ್ಷದ ಫೋಟೋವನ್ನೇ ಆಳೆತ್ತರ ಮಾಡಿಕೊಡಬೇಕು ಎಂದ. ಅಕ್ಕ ಕಣ್ಣೊರೆಸಿಕೊಂಡು ತಲೆಯಾಡಿಸಿದಳು.

"ಇನ್ನೊಂದು ಮಾತು ಅಕ್ಕಾ," ಅವನು ಕೌಂಟರಿನ ಮೇಲೆ ಕೈಯೂರಿ ಹತ್ತಿರ ಬಾಗಿದ. "ಆ ಹಳೇ ಕಚ್ಚಾ ಪ್ರತಿಗಳು, ಪೆನ್ಸಿಲ್ ಗುರುತು ಹಾಕಿರ್ತೀರಲ್ಲ, ಅವನ್ನೂ ನನಗೇ ಕೊಟ್ಟುಬಿಡಿ. ಕಂಪ್ಯೂಟರಲ್ಲಿ ಇರೋದನ್ನ ಅಳಿಸಿಬಿಡಿ. ಅವಳನ್ನ ಯಾರೂ ಆ ಥರ ನೋಡೋದು ಬೇಡ."

ಅಕ್ಕ ಕಪಾಟಿನ ಕಡೆ ತಿರುಗಿದ್ದಳು, ಬೀಗದ ಕೈಯನ್ನೂ ಹಿಡಿದಿದ್ದಳು. ಕೊಟ್ಟೇಬಿಡುತ್ತಿದ್ದಳು. ಆದರೆ 'ಅಳಿಸಿಬಿಡಿ' ಎಂಬ ಮಾತು ಎಲ್ಲೋ ತೊಡರಿತು. ಮೂವತ್ತು ವರ್ಷದಲ್ಲಿ ಸತ್ತವರ ಫೋಟೋ ಹುಡುಕಿಕೊಂಡು ಎಷ್ಟೋ ಜನ ಬಂದಿದ್ದರು. ಮಸುಕಾಗಿದ್ದರೂ ಕೊಡಿ, ಕಣ್ಣು ಮುಚ್ಚಿದ್ದರೂ ಕೊಡಿ, ಅರ್ಧ ಮುಖ ಇದ್ದರೂ ಸರಿ ಎಂದು ಗೋಗರೆದವರೇ ಎಲ್ಲ. ಅಳಿಸಿ ಎಂದವನು ಇವನೊಬ್ಬನೇ.

"ಹುಡುಕಬೇಕು ಸರ್. ನಾಳೆ ಕೊಡ್ತೀನಿ," ಎಂದಳು. ಅವನಿಗೆ ಅವಳು ಹೇಳಿದ ಮೊದಲ ಸುಳ್ಳು ಅದು.

"ನೀವು ನನ್ನ ಒಡಹುಟ್ಟಿದ ಅಕ್ಕನ ಹಾಗೆ," ಎಂದು ಅವನು ಅವಳ ಕೈ ತಟ್ಟಿ ಹೋದ. ತಟ್ಟಿದ ಕೈಯನ್ನು ಅಕ್ಕ ಮೊದಲ ಬಾರಿಗೆ ಸರಿಯಾಗಿ ನೋಡಿದಳು. ಅಗಲವಾದ ಹೆಬ್ಬೆರಳು.

ಅವನು ಬೀದಿ ದಾಟಿದ ಮೇಲೆ ಅವಳು ಒಳಕೋಣೆಯ ಬಾಗಿಲು ಹಾಕಿಕೊಂಡು ಆರು ಲಕೋಟೆ ಬಿಚ್ಚಿ, ಆರು ಪ್ರತಿಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದಳು. ಒಂದೊಂದನ್ನೂ ತಾನೇ ನೋಡಿದ್ದಳು, ತಾನೇ ಬರೆದಿದ್ದಳು. ಆದರೆ ವರ್ಷಕ್ಕೊಂದರಂತೆ ನೋಡಿದ್ದಳೇ ಹೊರತು ಎಂದೂ ಒಟ್ಟಿಗೆ ನೋಡಿರಲಿಲ್ಲ. ಮೊದಲ ವರ್ಷ: 'ಕಣ್ಣ ಕೆಳಗೆ ಕಪ್ಪು, ತುಸು ತಿಳಿಮಾಡು'. ಎರಡನೆಯ ವರ್ಷ: 'ಎಡ ಮುಂಗೈ, ನಾಲ್ಕು ಗೆರೆ, ತೆಗೆ. ಸರ್ ಹೇಳಿದ್ದಾರೆ'. ಆಮೇಲೆ ಕೆಳತುಟಿಯ ಸೀಳು. ಆಮೇಲೆ ಕಿವಿಯ ಹಿಂದೆ ಹಸಿರುಗಟ್ಟಿದ ಚರ್ಮ. ಐದನೆಯ ವರ್ಷ, 'ಕೊರಳ ಎಡಕ್ಕೆ, ಹೆಬ್ಬೆಟ್ಟಿನಷ್ಟು, ತೆಗೆ. ಸರ್ ಹೇಳಿದ್ದಾರೆ'. ಈ ವರ್ಷದ್ದರಲ್ಲಿ ಸುತ್ತು ಎರಡಿತ್ತು: 'ಕೊರಳ ಎರಡೂ ಕಡೆ, ಪೂರ್ತಿ ತೆಗೆ. ಸರ್ ಹೇಳಿದ್ದಾರೆ'.

ಅಕ್ಕ ಅಯ್ಯೋ ಪಾಪಿ ಎಂದಳು. ಅವನಿಗೆ ಅಂದಳೋ ತನಗೇ ಅಂದುಕೊಂಡಳೋ ತಿಳಿಯದು. ಅಕ್ಕಾ ಅಕ್ಕಾ ಎಂದು ಕರೆದು, ನಂಬಿಸಿ ಕತ್ತು ಕೊಯ್ದಿದ್ದ. ಕೊಯ್ದದ್ದು ಬೇರೆಯವಳ ಕತ್ತನ್ನು, ಒರೆಸಲು ಬಳಸಿದ್ದು ಇವಳ ಕೈಯನ್ನು.

ತಮ್ಮನನ್ನು ಒಳಗೆ ಕರೆದು ತೋರಿಸಿದಳು. ಅವನು ಬಹಳ ಹೊತ್ತು ನೋಡಿದ. ಆದರೂ ತಲೆ ಅಲ್ಲಾಡಿಸಿದ.

"ಇದರಿಂದ ಏನು ಗೊತ್ತಾಗುತ್ತೆ ಅಕ್ಕಾ? ಗುರುತು ಇದೆ, ನಿಜ. ಅವನೇ ಮಾಡಿದ ಅಂತ ಯಾರು ಹೇಳ್ಬೇಕು? ಓಡಾಟದಲ್ಲಿ ಬಡಿಸ್ಕೊಂಡಿರ್ತಾರೆ ಅಂತ ನೀನೇ ಹೇಳ್ತಿದ್ದೆ."

"ಕೊರಳನ್ನ ಯಾರಾದ್ರೂ ಬಾಗಿಲಿಗೆ ಬಡಿಸ್ಕೊಳ್ತಾರೇನೋ? ಅದೂ ಎರಡೂ ಕಡೆ?"

ತಮ್ಮ ಕೊನೆಯ ಪ್ರತಿಯನ್ನು ಮಗುಚಿಟ್ಟ. ಮೆಲ್ಲಗೆ ಹೇಳಿದ: "ನಾನು ಕೆಟ್ಟವನಲ್ಲ, ಅಕ್ಕಾ. ಆದ್ರೆ ಯೋಚನೆ ಮಾಡು. ಜನ ನಮ್ಮ ಹತ್ರ ಬರೋದೇ ಮುಚ್ಚಿಸ್ಕೊಳ್ಳೋಕೆ. ಸ್ಟುಡಿಯೋದವರು ಗಿರಾಕಿಯ ಗುಟ್ಟನ್ನ ಸ್ಟೇಷನ್‌ಗೆ ಕೊಟ್ರು ಅಂತಾದ್ರೆ ನಾಳೆ ಯಾರು ಒಳಗೆ ಕಾಲಿಡ್ತಾರೆ? ಅವರು ದೊಡ್ಡ ಜನ. ನಮಗ್ಯಾಕೆ ಊರ ಉಸಾಬರಿ? ಸತ್ತವರೇನೂ ಎದ್ದು ಬರಲ್ಲ."

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಕ್ಕನಿಗೂ ಗೊತ್ತಿತ್ತು. "ಅವಳು ಗುರುವಾರ ಇಲ್ಲೇ ನಿಂತು ಕೇಳಿದ್ದಳು ಕಣೋ," ಎಂದಳು. "ಕೇಳಿದವಳ ವಸ್ತು ಅವಳಿಗೆ ಮುಟ್ಟಿಸಬೇಕು." ಶನಿವಾರದ ಫೋನಿನ ವಿಷಯ ಮಾತ್ರ ತಮ್ಮನಿಗೆ ಹೇಳಲಿಲ್ಲ. ಬಾಯಿ ತನಕ ಬಂದದ್ದನ್ನು ನುಂಗಿಕೊಂಡಳು. ಫೋಟೋ ಕೊಟ್ಟರೆ ಸಾಲದೇ, ಅದನ್ನೂ ಹೇಳಿ ಯಾರಿಗೆ ಏನಾಗಬೇಕಾಗಿದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಬುಧವಾರ ಬೆಳಿಗ್ಗೆ ಅಂಗಡಿಗೆ ಹೋಗುವ ಬದಲು ಪೊಲೀಸ್ ಠಾಣೆಗೆ ಹೋದಳು. ಇನ್‌ಸ್ಪೆಕ್ಟರ್ ಹೆಂಗಸು, ನಲವತ್ತರ ಆಸುಪಾಸು, ಮೇಜಿನ ತುಂಬ ಕಡತ. ಎದುರಿನ ಬೆಂಚಿನ ಮೇಲೆ ಮುದುಕಿಯೊಬ್ಬಳು ಕೈಚೀಲವನ್ನು ಎದೆಗವಚಿಕೊಂಡು ಕೂತಿದ್ದಳು. ಡಾಕ್ಟರಮ್ಮನ ತಾಯಿ ಎಂದು ಅಕ್ಕನಿಗೆ ಯಾರೂ ಹೇಳಬೇಕಾಗಲಿಲ್ಲ. ಹಣೆ, ಮೂಗು, ಗದ್ದ ಎಲ್ಲ ಅದೇ. ಆರು ವರ್ಷ ಅದೇ ಮುಖ ತಿದ್ದಿದ್ದಳಲ್ಲ.

"ದಿನಾ ಬರ್ತಾರೆ," ಎಂದಳು ಇನ್‌ಸ್ಪೆಕ್ಟರ್ ದಣಿದ ದನಿಯಲ್ಲಿ. "ನನ್ನ ಮಗಳು ಬೀಳೋಳಲ್ಲ ಅಂತಾರೆ. ನನಗೂ ಅನುಮಾನ ಇದೆ. ಆದ್ರೆ ಒಂದು ದೂರಿಲ್ಲ, ಒಂದು ಚೀಟಿ ಇಲ್ಲ. ತಾನೇ ಡಾಕ್ಟರು, ತಾನೇ ಮುಲಾಮು ಹಚ್ಚಿಕೊಂಡಿದ್ದಾಳೆ. ಕುತ್ತಿಗೆ ಮೇಲೆ ಗುರುತಿದೆ, ಬೀಳುವಾಗ ಆಗಿದ್ದು ಅಂತಾನೆ ಗಂಡ."

ಅಕ್ಕ ಲಕೋಟೆಗಳನ್ನು ಮೇಜಿನ ಮೇಲಿಟ್ಟಳು. ಇನ್‌ಸ್ಪೆಕ್ಟರ್ ಒಂದೊಂದನ್ನೇ ತೆಗೆದು, ಕೆಂಪು ಅಕ್ಷರಗಳನ್ನು ಓದುತ್ತಾ ಹೋದಂತೆ ಕುರ್ಚಿಯಲ್ಲಿ ನೆಟ್ಟಗಾದಳು. ಕೊನೆಯದನ್ನು ಓದಿ, "ಆರು ವರ್ಷ ಜೋಪಾನ ಮಾಡಿದ್ದೀರಲ್ಲ ತಾಯಿ, ದೊಡ್ಡ ಉಪಕಾರ," ಎಂದಳು.

ತಾಯಿ ಎದ್ದು ಬಂದು ಅಕ್ಕನ ಎರಡೂ ಕೈಗಳನ್ನು ಹಿಡಿದುಕೊಂಡಳು. "ಎಲ್ಲರೂ ಮುಚ್ಚಿದ್ರಮ್ಮ. ಅವಳೂ ನನ್ನಿಂದ ಮುಚ್ಚಿಟ್ಟಳು. ಫೋನ್ ಮಾಡಿದ್ರೆ ಚೆನ್ನಾಗಿದೀನಿ ಅನ್ನೋಳು. ನಾನೂ ನಿಮ್ಮ ಅಂಗಡಿ ಫೋಟೋ ನೋಡ್ಕೊಂಡು ಹಿಗ್ಗಿದ್ದೇ ಬಂತು. ನೀನೊಬ್ಬಳು ನನ್ನ ಮಗಳ ಕೈ ಬಿಡಲಿಲ್ಲ."

ಆ ಕೈಗಳು ಬೆಚ್ಚಗಿದ್ದವು. ಅಕ್ಕನಿಗೆ ಕೆಂಡ ಹಿಡಿದ ಹಾಗಾಯಿತು. ಈಗ ಎದ್ದು ಹೋದರೆ ಆಯಿತು, ಒಳ್ಳೆಯವಳೆಂಬ ಹೆಸರು ಹೊತ್ತುಕೊಂಡು ಹೋಗಬಹುದು. ಯಾರೂ ಏನನ್ನೂ ಕೇಳುವುದಿಲ್ಲ.

ಇನ್‌ಸ್ಪೆಕ್ಟರ್ ತನ್ನಷ್ಟಕ್ಕೆ ಎಂಬಂತೆ ಹೇಳುತ್ತಿದ್ದಳು: "ಇನ್ನೊಂದು ಸಿಕ್ಕು ಉಳಿದಿದೆ. ಡಾಕ್ಟರು ಮನೆ ಬಿಡೋ ತಯಾರಿಯಲ್ಲಿದ್ರು. ಸೋಮವಾರ ಮಧ್ಯಾಹ್ನ ವಕೀಲರನ್ನ ಕಾಣೋದಿತ್ತು. ಹಳೇ ಗುರುತುಗಳಿಗೆ ಏನಾದ್ರೂ ಸಾಕ್ಷಿ ತನ್ನಿ ಅಂತ ವಕೀಲರೇ ಹೇಳಿದ್ರಂತೆ. ಗಂಡ ನೋಡಿದ್ರೆ, ನನಗೆ ಇದ್ಯಾವುದೂ ಗೊತ್ತಿರಲಿಲ್ಲ, ಜಗಳ ಆಡೋಕೆ ಕಾರಣವೇ ಇರಲಿಲ್ಲ ಅಂತಾನೆ. ವಕೀಲರು ಬಾಯಿ ಬಿಟ್ಟಿಲ್ಲ, ಸ್ನೇಹಿತರಿಗೂ ತಿಳಿದಿಲ್ಲ. ಅವನಿಗೆ ಗೊತ್ತಾಗೋಕೆ ದಾರಿನೇ ಇಲ್ಲ."

"ದಾರಿ ಇತ್ತು," ಎಂದಳು ಅಕ್ಕ.

ಇಬ್ಬರೂ ಅವಳ ಕಡೆ ನೋಡಿದರು. ಅಕ್ಕ ತಾಯಿಯ ಮುಖ ನೋಡಲಾರದೆ ಮೇಜಿನ ಅಂಚನ್ನು ನೋಡುತ್ತಾ ಹೇಳಿದಳು. ಗುರುವಾರ ಡಾಕ್ಟರಮ್ಮ ಬಂದದ್ದು, ಈಗಲೇ ಕೊಡಿ ಎಂದದ್ದು, ಗಂಡನಿಗೆ ಹೇಳಬೇಡಿ ಎಂದದ್ದು, ತಾನು ಆಯ್ತು ಎಂದದ್ದು. "ಶನಿವಾರ ಸಂಜೆ ನಾಲ್ಕಕ್ಕೆ ಅವನು ಫೋನ್ ಮಾಡಿದ. ನಾನೇ ಹೇಳ್ಬಿಟ್ಟೆ. ತಿದ್ದದ ಫೋಟೋ ಕೇಳಿದಾಳೆ, ಸೋಮವಾರ ಬರ್ತಾಳೆ ಅಂತ. ನನ್ನ ಕೆಲಸ ಸರಿಯಿಲ್ಲ ಅಂದಳಲ್ಲ ಅಂತ ನನಗೆ ಸಿಟ್ಟು. ಬೇರೇನೂ ಕಾರಣ ಇಲ್ಲ. ನಾನು ಮಾತಾಡ್ತೀನಿ ಅಂದ. ಭಾನುವಾರ ಬೆಳಿಗ್ಗೆ..."

ತಾಯಿ ತನ್ನ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡಳು. ಹೋಗಿ ಬೆಂಚಿನ ಮೇಲೆ ಕೂತು ಕೈಚೀಲವನ್ನು ಮತ್ತೆ ಎದೆಗವಚಿಕೊಂಡಳು. ಇನ್‌ಸ್ಪೆಕ್ಟರ್ ಕಾಗದ ಮುಂದಿಟ್ಟುಕೊಂಡು, "ಮೊದಲಿಂದ ಹೇಳಿ. ನಿಧಾನವಾಗಿ," ಎಂದಳು. ಅಕ್ಕ ಮೊದಲಿನಿಂದ ಹೇಳಿದಳು, ಕೆಳಗೆ ಸಹಿ ಹಾಕಿದಳು, ಫೋನನ್ನೂ ಕೊಟ್ಟಳು. ಶನಿವಾರದ ಆ ಕರೆ ಅದರಲ್ಲಿ ಇನ್ನೂ ಇತ್ತು.

ಶುಕ್ರವಾರ ಪ್ರೊಫೆಸರನ ಬಂಧನವಾಯಿತು. ಎರಡನೆಯ ದಿನದ ವಿಚಾರಣೆಯಲ್ಲಿ, ಅವಳು ಬಿಟ್ಟು ಹೋಗುತ್ತಾಳೆಂದು ತಿಳಿದಾಗ ತಲೆ ಕೆಟ್ಟಿತು ಎಂದು ಒಪ್ಪಿಕೊಂಡನಂತೆ. ವಕೀಲ ಬಂದ ಮೇಲೆ ಹಾಗೆ ಹೇಳಿಯೇ ಇಲ್ಲ ಎಂದನಂತೆ. ಪೇಪರಿನವರು ಆ ಜೋಡಿಯ ಫೋಟೋ ಬೇಕೆಂದು ಅಂಗಡಿಗೆ ಮುತ್ತಿದರು. ತಮ್ಮ ಅದನ್ನು ಗಾಜಿನಿಂದ ತೆಗೆದು, ಕೊಡುವುದಿಲ್ಲ ಎಂದು ಎಲ್ಲರನ್ನೂ ಹೊರಗೆ ಕಳಿಸಿದ. ಹೇಳಿದ್ದಂತೆ ಕೆಲವು ಗಿರಾಕಿಗಳು ಬರುವುದು ಬಿಟ್ಟರು. "ನೋಡಿದೆಯಾ?" ಎಂದು ಅವನು ಒಮ್ಮೆಯೂ ಕೇಳಲಿಲ್ಲ. ಶನಿವಾರದ ಫೋನಿನ ವಿಷಯ ತಿಳಿದ ದಿನ ಮಾತ್ರ ಅಕ್ಕನ ಮೇಜಿಗೆ ಟೀ ತಂದಿಟ್ಟು, ಪಕ್ಕದಲ್ಲೇ ತುಂಬ ಹೊತ್ತು ಕೂತಿದ್ದ.

ಅಕ್ಕ ಕೆಲಸ ಬಿಡಲಿಲ್ಲ. ಆದರೆ ಯಾರ ಮೈಮೇಲಾದರೂ ಗುರುತು ಕಂಡರೆ ಈಗ ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ಗುರುತು ಇರುವವರನ್ನೇ ಒಳಗೆ ಕರೆಯುತ್ತಾಳೆ. "ಇದು ಹೇಗಾಯ್ತು?" ಎಂದು ಕೇಳುತ್ತಾಳೆ. ಸೈಕಲ್ಲಿನಿಂದ ಬಿದ್ದೆ, ಬೆಕ್ಕು ಪರಚಿತು ಎನ್ನುವವರೇ ಹೆಚ್ಚು. ಕೇಳುವುದಂತೂ ಬಿಟ್ಟಿಲ್ಲ.

ಎರಡು ತಿಂಗಳ ನಂತರ, ಒಂದು ಬೆಳಿಗ್ಗೆ ಡಾಕ್ಟರಮ್ಮನ ತಾಯಿ ಅಂಗಡಿಗೆ ಬಂದಳು. ಅದೇ ಕೈಚೀಲ. ಅಕ್ಕ ಗಡಬಡಿಸಿ ಎದ್ದು ನಿಂತಳು.

"ಮಗಳದ್ದು ಒಂದು ಫೋಟೋ ಬೇಕು," ಎಂದಳು ತಾಯಿ. "ಅವಳೊಬ್ಬಳದ್ದೇ. ಗೋಡೆಗೆ ಹಾಕೋಕೆ."

"ಯಾವುದು ಮಾಡಲಮ್ಮ?"

"ಅವಳು ಕೇಳಿದ್ದು ಯಾವುದೋ ಅದು."

ಅಕ್ಕ ಕಂಪ್ಯೂಟರಿನ ಮುಂದೆ ಕೂತು, ಈ ವರ್ಷದ ತಿದ್ದದ ಫೋಟೋ ತೆರೆದಳು. ಗಂಡನನ್ನು ಕತ್ತರಿಸಿ ತೆಗೆದಳು. ಭುಜದ ಮೇಲೆ ಅವನ ನಾಲ್ಕು ಬೆರಳು ಉಳಿದಿದ್ದವು, ಅವನ್ನೂ ತೆಗೆದಳು. ಕೊರಳ ಎರಡೂ ಕಡೆಯ ಗುರುತು ಬಂದಾಗ ಅಭ್ಯಾಸಬಲದಿಂದ ಕೈ ಅತ್ತ ಸರಿಯಿತು. ಕೈಯನ್ನು ಹಿಂದಕ್ಕೆಳೆದುಕೊಂಡು, ಹಾಗೆಯೇ ಪ್ರಿಂಟ್ ತೆಗೆದಳು. ಆರ್ಡರ್ ಪುಸ್ತಕದಲ್ಲಿ ಆರು ವರ್ಷ ಗಂಡನ ಹೆಸರು ಬರೆಯುತ್ತಿದ್ದ ಜಾಗದಲ್ಲಿ ಈ ಸಲ ಡಾಕ್ಟರಮ್ಮನ ಹೆಸರನ್ನೇ ಬರೆದಳು. ಅಪ್ಪನ ಕಾಲದಿಂದ ಈವರೆಗೆ ಗಿರಾಕಿಯ ಕೈಗೆ ಹೋದ ಮೊದಲ ತಿದ್ದದ ಫೋಟೋ ಅದು.

ತಾಯಿ ಕನ್ನಡಕ ಹಾಕಿಕೊಂಡು ನೋಡಿದಳು. ಮಗಳ ಕೊರಳನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು, ಆ ಕಡೆ ಒಮ್ಮೆ, ಈ ಕಡೆ ಒಮ್ಮೆ. ಆಮೇಲೆ ತಲೆಯೆತ್ತದೆ ಕೇಳಿದಳು.

"ಅವತ್ತು ನೀನು ಬಾಯಿ ಬಿಡದೇ ಇದ್ದಿದ್ರೆ?"

ಅಕ್ಕ ಈ ಪ್ರಶ್ನೆಯನ್ನು ತನಗೆ ತಾನೇ ಸಾವಿರ ಸಲ ಕೇಳಿಕೊಂಡಿದ್ದಳು. ಯಾರಿಗೆ ಗೊತ್ತು, ಹಣೆಬರಹ, ಅವನು ಹೇಗಾದರೂ ಮಾಡುತ್ತಿದ್ದನೋ ಏನೋ ಎಂಬ ಮಾತುಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಅವುಗಳಲ್ಲಿ ಯಾವುದನ್ನೂ ಅವಳು ಬಳಸಲಿಲ್ಲ.

"ಸೋಮವಾರ ಹತ್ತಕ್ಕೆ ಬರ್ತಿದ್ರಮ್ಮ," ಎಂದಳು.

ತಾಯಿ ಫೋಟೋವನ್ನು ಕೈಚೀಲದಲ್ಲಿಟ್ಟು ಜಿಪ್ ಎಳೆದಳು. ಬಾಗಿಲ ತನಕ ಹೋಗಿ ತಿರುಗಿ ನಿಂತಳು. ಅವಳ ಕಣ್ಣಲ್ಲಿ ಕ್ಷಮೆಯೇನೂ ಇರಲಿಲ್ಲ.

"ಇದನ್ನೇ ಕೋರ್ಟಿನಲ್ಲೂ ಹೇಳು. ಒಂದಕ್ಷರ ತಿದ್ದಬೇಡ."

"ಹೇಳ್ತೀನಮ್ಮ," ಎಂದಳು ಅಕ್ಕ.